ಗೆಳತಿಯ ಅಮ್ಮನನ್ನ ಕಥೆಯಲ್ಲಿ ಸಾಯಿಸಿದ್ದು

ನಮ್ಮ ಕಥೆಯ ಹನ್ನೊಂದನೇ ಅಧ್ಯಾಯವನ್ನ ನಾನು ಪ್ರತಿಮಾಗೆ ತೋರಿಸ್ದೇನೇ ಪೋಸ್ಟ್ ಮಾಡ್ಬಿಟ್ಟೆ.

ಒಂದು ಭಾನುವಾರ ಮಧ್ಯಾಹ್ನ. ನೆದರ್ಲೆಂಡ್ಸಿನ ಹಾರ್ಲೆಮ್‌ನ ನನ್ನ ಒಂದು ರೂಮಿನ ಮನೇಲಿ, ಇಸ್ತ್ರಿ ಟೇಬಲನ್ನೇ ಡೆಸ್ಕ್ ಮಾಡ್ಕೊಂಡು ಕೂತಿದ್ದೆ. ಕೋವಿಡ್ ಕಾಲ, ಆಫೀಸಿನ ಮುಖ ನೋಡಿ ವರ್ಷದ ಮೇಲಾಗಿತ್ತು.

ಪ್ರತಿಮಾ ಮಂಗಳೂರಿನವಳು, ಇದ್ದದ್ದು ಹತ್ತಿರದ ನೂರ್ಡ್‌ವೈಕ್‌ನಲ್ಲಿ. ಇಬ್ರೂ ಒಂದೇ ಆಫೀಸಿನ ಟೆಸ್ಟಿಂಗ್ ಟೀಮ್. ಆದ್ರೆ ನಿಜವಾಗಿ ಫ್ರೆಂಡ್ಸ್ ಆಗಿದ್ದು ಒಂದು ವಿಡಿಯೋ ಗೇಮ್‌ನಿಂದ.

ಅಡ್ವೆಂಚರ್ ಗೇಮ್ ಅದು. ಮುಳುಗಿಹೋದ ದ್ವೀಪಗಳ ಮಧ್ಯೆ ಒಬ್ಬ ಹುಡುಗಿ ದೋಣಿ ತಗೊಂಡು, ಕಾಣೆಯಾದ ಅಮ್ಮನನ್ನ ಹುಡುಕ್ತಾ ಹೋಗ್ತಾಳೆ. ಕೊನೇ ಸೀನಲ್ಲಿ ಅಮ್ಮ ಸಿಗ್ತಾಳೆ. ದಡದಲ್ಲಿ ನಿಂತು ತಿರುಗಿ ನೋಡ್ತಾಳೆ... ಅಷ್ಟೇ. ಸ್ಕ್ರೀನ್ ಕಪ್ಪು.

"ಎಂತ ಮಾರಾಯ್ತಿ ಇದು, ಆ ಅಮ್ಮ ಒಂದು ಮಾತೂ ಆಡ್ಲಿಲ್ಲ!" ಅಂತ ಪ್ರತಿಮಾ ರೇಗಿದ್ಲು.

ಹಾಗಾದ್ರೆ ನಾವೇ ಮಾತಾಡಿಸೋಣ ಅಂತ ಆ ಗೇಮಿನ ಕಥೇನೇ ಮುಂದುವರಿಸಿ ಫ್ಯಾನ್ ಫಿಕ್ಷನ್ ಬರೆಯೋಕೆ ಶುರು ಮಾಡಿದ್ವಿ. ಕನ್ನಡದಲ್ಲೇ, ಒಂದು ಬ್ಲಾಗ್ ಮಾಡ್ಕೊಂಡು. ಒಂದು ಅಧ್ಯಾಯ ನಾನು, ಒಂದು ಅವಳು. ಇದ್ದ ರೂಲ್ ಒಂದೇ, ಒಬ್ಬರಿಗೊಬ್ಬರು ತೋರಿಸ್ದೆ ಪೋಸ್ಟ್ ಮಾಡೋ ಹಾಗಿಲ್ಲ.

ಕಥೆಯ ಆ ತಾಯಿಗೆ ಪ್ರತಿಮಾ ತನ್ನ ಅಮ್ಮನನ್ನೇ, ಅವರ ಮಾತು ಸ್ವಭಾವ ಸಮೇತ, ಕೊಟ್ಟುಬಿಟ್ಲು.

ಆಂಟೀನ ನಾನು ಒಂದು ಸಲಾನೂ ನೋಡಿದವಳಲ್ಲ. ಆದ್ರೆ ಎಲ್ಲಾ ಗೊತ್ತಿತ್ತು. ಮನೇಲಿ ಮಾತು ತುಳು. ಸಿಟ್ಟು ಬಂದಾಗ ಮಾತ್ರ ತುಳು ಬಿಟ್ಟು ಪಾಠದ ಪುಸ್ತಕದ ಕನ್ನಡ. "ನೀನು ಈ ಕೂಡಲೇ ಊಟ ಮಾಡತಕ್ಕದ್ದು" ಅಂತಾರಂತೆ!

ಪ್ರತಿಮಾ ವಾಯ್ಸ್ ಮೆಸೇಜಲ್ಲಿ ಅಮ್ಮನ ಹಾಗೇ ಮಾತಾಡಿ ಕಳಿಸ್ತಿದ್ಲು. ನಾನು ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರೋವರೆಗೂ ನಗ್ತಿದ್ದೆ. ಕರ್ಫ್ಯೂ ಇದ್ದ ಆ ಚಳಿಗಾಲದಲ್ಲಿ, ಮೀಟಿಂಗ್ ಬಿಟ್ರೆ, ನನ್ನ ಕಿವಿಗೆ ಬೀಳ್ತಿದ್ದ ದನಿ ಅದೊಂದೇ.

ಓದುಗರು ಮೂವತ್ತೋ ನಲವತ್ತೋ ಜನ. ವಸಂತ ಬರೋ ಹೊತ್ತಿಗೆ, ಕಥೆ ನಿಧಾನ ಆಯ್ತು, ಏನಾದ್ರೂ ಆಗ್ಬೇಕಲ್ಲ ಅಂತ ಕಾಮೆಂಟ್ ಬರೋಕೆ ಶುರುವಾಯ್ತು.

ನನ್ನ ಸರದಿ. ಎರಡು ದಿನದಿಂದ ಪ್ರತಿಮಾಳ ರಿಪ್ಲೈ ಇಲ್ಲ. ಅವಳ ಕೊನೇ ವಾಯ್ಸ್ ಮೆಸೇಜ್, "ಅಮ್ಮನಿಗೆ ಸ್ವಲ್ಪ ಜ್ವರ ಉಂಟು, ದೊಡ್ಡದೇನಲ್ಲ" ಅಂತ.

ಕೇಳಿಸ್ಕೊಂಡಿದ್ದೆ. ಕೇಳಿಸ್ಕೊಂಡೂ ಬರೆದೆ... ಇದನ್ನ ಇಲ್ಲಿ ಮುಚ್ಚಿಡಲ್ಲ.

ನನ್ನ ಅಧ್ಯಾಯದಲ್ಲಿ ತಾಯಿಗೆ ಜ್ವರ ಬರುತ್ತೆ. ದೋಣಿಯಲ್ಲೇ, ಮಗಳ ತೊಡೆ ಮೇಲೆ ತಲೆ ಇಟ್ಟು, ಅದೇ ಪುಸ್ತಕದ ಕನ್ನಡದಲ್ಲಿ "ನೀನು ಅಳತಕ್ಕದ್ದಲ್ಲ" ಅಂತ ಹೇಳಿ ಸಾಯ್ತಾಳೆ.

"ಅತ್ತುಬಿಟ್ಟೆ", "ಇದುವರೆಗೆ ಬಂದಿದ್ರಲ್ಲೇ ಬೆಸ್ಟ್"... ಕಾಮೆಂಟ್ ಮೇಲೆ ಕಾಮೆಂಟ್. ಸಂಜೆವರೆಗೂ ಪೇಜ್ ರಿಫ್ರೆಶ್ ಮಾಡ್ತಾ ಕೂತಿದ್ದೆ. ಖುಷಿಯಾಗಿದ್ದೆ ನಾನು.

ಮಂಗಳವಾರ ಬೆಳಿಗ್ಗೆ ಟೀಮ್ ಮೀಟಿಂಗಲ್ಲಿ ಮ್ಯಾನೇಜರ್ ಹೇಳಿದ್ರು, ಪ್ರತಿಮಾ ರಜೆ ಹಾಕಿದ್ದಾಳೆ, ಊರಲ್ಲಿ ತಾಯಿ ಕೋವಿಡ್ ಆಗಿ ಆಸ್ಪತ್ರೆ ಸೇರಿದ್ದಾರೆ ಅಂತ.

ಕ್ಯಾಮೆರಾ ಆಫ್ ಮಾಡಿ ಮೊದಲು ಮಾಡಿದ ಕೆಲಸ ಅಧ್ಯಾಯ ಡಿಲೀಟ್ ಮಾಡಿದ್ದು. ಅವಳಿಗೆ ಫೋನ್ ಮಾಡಿದ್ದು ಆಮೇಲೆ. ಆ ಕ್ರಮ ನೆನೆಸ್ಕೊಂಡ್ರೆ ಈಗಲೂ ನಾಚಿಕೆ ಆಗುತ್ತೆ.

ಬೆಡ್ ಸಿಕ್ಕಿದ್ದೇ ಪುಣ್ಯ ಅಂದ್ಲು. ಊರಲ್ಲಿರೋ ಅಣ್ಣನನ್ನೂ ಒಳಗೆ ಬಿಡ್ತಿಲ್ಲವಂತೆ. ಇವಳು ಬುಕ್ ಮಾಡಿದ್ದ ಫ್ಲೈಟ್ ಕ್ಯಾನ್ಸಲ್ ಆಗಿತ್ತು.

ಕಥೆ ಬಗ್ಗೆ ನಾನು ಬಾಯಿ ಬಿಡ್ಲಿಲ್ಲ. ಓದಿರಲ್ಲ ಅಂದ್ಕೊಂಡೆ. ಬ್ಲಾಗಲ್ಲಿ ಡಿಲೀಟ್ ಮಾಡಿದ್ರೂ, ಪೋಸ್ಟ್ ಆದ ಕೂಡಲೇ ಪೂರ್ತಿ ಅಧ್ಯಾಯ ತಾನಾಗೇ ಅವಳ ಇಮೇಲಿಗೆ ಹೋಗಿರುತ್ತೆ ಅನ್ನೋದು ಹೊಳೆಯಲೇ ಇಲ್ಲ.

ಶುಕ್ರವಾರ ಆಂಟಿ ಹೋಗ್ಬಿಟ್ರು.

ಶನಿವಾರ ಅನ್ನ ಸಾರು ಡಬ್ಬಿಗೆ ಹಾಕ್ಕೊಂಡು, ಲೈಡನ್‌ವರೆಗೆ ಟ್ರೈನು, ಅಲ್ಲಿಂದ ಬಸ್ಸು ಹಿಡಿದು ಹೋದೆ. ಬೆಲ್ ಮಾಡಿ, ಮಾಸ್ಕ್ ಸರಿ ಮಾಡ್ಕೊಂಡು, ಎರಡು ಹೆಜ್ಜೆ ಹಿಂದೆ ನಿಂತೆ.

ಬಾಗಿಲು ತೆಗೀತಾಳೆ. ಒಳಗೆ ಬಾ ಅನ್ನಲ್ಲ.

"ಸಾರಿ ಪ್ರತಿಮಾ" ಅಂತೀನಿ. ಯಾವುದಕ್ಕೆ ಅಂತ ಹೇಳೋಕೆ ಬಾಯಿ ಬರಲ್ಲ.

ಅವಳೇ ಹೇಳ್ತಾಳೆ. "ಆಸ್ಪತ್ರೆಯಿಂದ ಫೋನ್ ಬರ್ಲಿಕ್ಕೆ ಕಾಯ್ತಾ ಇರುವಾಗ ಓದಿದೆ. ಅಮ್ಮ ಹಾಗೆ ಎಂತದೂ ಹೇಳ್ಲಿಲ್ಲ, ಗೊತ್ತುಂಟಾ? ಬಾಯಲ್ಲಿ ಟ್ಯೂಬ್ ಇತ್ತು. ಅಣ್ಣನಿಗೆ ಮುಖ ಕೂಡ ಸರಿ ತೋರಿಸ್ಲಿಲ್ಲ. ಈಗ ಅಮ್ಮನನ್ನ ನೆನಪು ಮಾಡಿದ್ರೆ ನೀನು ಬರೆದದ್ದೇ ಕೇಳ್ತದೆ ನನಗೆ. ಅಮ್ಮನ ದನಿಯಲ್ಲೇ."

ಬಾಗಿಲ ಹಿಡಿಗೆ ಕೈ ಹಾಕಿ, "ನಾನು ಅಮ್ಮನ ಸುದ್ದಿ ನಿನಗೆ ಹೇಳಿದ್ದು ನಗ್ಲಿಕ್ಕೆ, ಕಾವ್ಯಾ" ಅಂದ್ಲು.

ಕಿರುಚಾಡಿದ್ರೆ ತಡ್ಕೋತಿದ್ದೆ. ಇಲ್ಲ. ಡಬ್ಬಿ ತಗೊಂಡ್ಲು, ಥ್ಯಾಂಕ್ಸ್ ಅಂದ್ಲು, ಮೆಲ್ಲಗೆ ಬಾಗಿಲು ಹಾಕಿದ್ಲು.

ಬಸ್ ಸ್ಟಾಪಲ್ಲಿ ಕೂತೆ. ಮೂರು ಬಸ್ ಬಂದು ಹೋದ್ವು. ನಾಲ್ಕನೇದು ಹತ್ತಿದೆ.

ಫ್ಲೈಟ್ ಮತ್ತೆ ಶುರುವಾದಾಗ ಅವಳು ಕೆಲಸ ಬಿಟ್ಟು ಊರಿಗೆ ಹೋದ್ಲು. ನನಗೆ ಗೊತ್ತಾಗಿದ್ದು ಎಲ್ಲರಿಗೂ ಬಂದ ಫೇರ್‌ವೆಲ್ ಇಮೇಲಿಂದ. ನನ್ನ ವಾಟ್ಸಾಪ್ ಮೆಸೇಜುಗಳಿಗೆ ಇವತ್ತಿಗೂ ಒಂದೇ ಟಿಕ್.

ಬ್ಲಾಗ್ ಮುಚ್ಚಿದೀನಿ. ಆಮೇಲೆ ಒಂದು ಸಾಲೂ ಬರೆದಿಲ್ಲ, ಇದೇ ಮೊದಲು. ಆದ್ರೂ ಹಳೇ ಓದುಗರು ಆಗಾಗ ಮೇಲ್ ಮಾಡಿ ಕೇಳ್ತಾರೆ... ಆ ತಾಯಿ ಸಾಯೋ ಅಧ್ಯಾಯ ತುಂಬಾ ಚೆನ್ನಾಗಿತ್ತು, ಮತ್ತೆ ಹಾಕಿ ಅಂತ.

ಬರೆಯೋರು ಯಾರಾದ್ರೂ ಇದ್ರೆ ಹೇಳಿ, ಇನ್ನೊಬ್ಬರ ಅಮ್ಮನನ್ನ ಹೀಗೆ ತಗೊಂಡ್ಬಿಟ್ರೆ ವಾಪಸ್ ಕೊಡೋದು ಹೇಗೆ?