ರೊಸಲಿನ್ ಹಾಕಿಸದ ಸಹಿಗಳು

ಶಿರ್ವದ ರೊಸಲಿನ್ ಅಬುಧಾಬಿಗೆ ಬಂದದ್ದು ಗಂಡನ ಜೊತೆ. ಅವನು ತೀರಿಕೊಂಡಾಗ ಪೆಟ್ಟಿಗೆ ಕಟ್ಟಿ ಕೂತಿದ್ದವಳನ್ನು ತಡೆದು ಕೆಲಸ ಕೊಟ್ಟವರು ಉಪ್ಪಳದ ಅಲಿಕುಂಞಿ. ಅಲ್ ಮೀನಾದ ಹತ್ತಿರ ಅವರದೊಂದು ಸಣ್ಣ ಕಟ್ಟಡ ಗುತ್ತಿಗೆಯ ಕಂಪೆನಿಯಿತ್ತು. "ಕಂಪ್ಯೂಟರ್ ಬರ್ತದಲ್ಲ ಬಾಯಮ್ಮ? ಮತ್ತೆಂತ ಬೇಕು, ನಾಳೆಯೇ ಬನ್ನಿ" ಎಂದಿದ್ದರು. ಹಾಗೆ ಹೋದವಳು ಹದಿನಾರು ವರ್ಷ ಅಲ್ಲೇ ಉಳಿದಳು. ವೀಸಾ, ಪಗಾರ, ಕೆಲಸಗಾರರ ಜ್ವರ, ಅವರ ಮಕ್ಕಳ ಮದುವೆಯ ರಜೆ, ಎಲ್ಲಕ್ಕೂ ಅವಳೇ.

ಮದೀನತ್ ಜಾಯೆದ್‌ನಲ್ಲಿ ಇವರಿಂದ ವಿಲ್ಲಾಗಳ ಕೆಲಸ ಮಾಡಿಸಿಕೊಂಡ ದೊಡ್ಡ ಗುತ್ತಿಗೆದಾರ ಬಿಲ್ಲು ಕೊಡದೆ ತಲೆಮರೆಸಿಕೊಂಡ. ಆ ಕೊರಗಿನಲ್ಲೇ ಅಲಿಕುಂಞಿಯವರ ಹೃದಯ ಕೈಕೊಟ್ಟಿತು. ಮಗಳು ಜಸೀಲ ಬಂದು ಊರಿಗೆ ಕರೆದೊಯ್ದಳು. ಇಲ್ಲಿ ಹದಿನೇಳು ಮಂದಿ ಕೆಲಸಗಾರರಿಗೆ ನಾಲ್ಕು ತಿಂಗಳಿಂದ ಪಗಾರವಿರಲಿಲ್ಲ.

ಒಂದು ದಾರಿಯಿತ್ತು. ಕೆಲಸಗಾರರ ಪಗಾರಕ್ಕೆ ಭದ್ರತೆಯಾಗಿ ಕಂಪೆನಿ ಸರ್ಕಾರದ ಬಳಿ ಬ್ಯಾಂಕ್ ಗ್ಯಾರಂಟಿ ಇಟ್ಟಿತ್ತು. ದೂರು ಕೊಟ್ಟು ಆದೇಶ ಪಡೆದರೆ ಬಾಕಿ ಅದರಿಂದ ಸಿಗುತ್ತಿತ್ತು. ಆದರೆ ಆ ಗ್ಯಾರಂಟಿಗಾಗಿ ಬ್ಯಾಂಕ್ ಹಿಡಿದಿಟ್ಟುಕೊಂಡಿದ್ದದ್ದು ಅಲಿಕುಂಞಿಯವರ ಸ್ವಂತ ಠೇವಣಿ. ಅವರಿಗೆ ಉಳಿದಿದ್ದದ್ದೂ ಅದೊಂದೇ.

ಜಸೀಲ ಫೋನ್ ಮಾಡಿದಳು. "ಆಂಟಿ, ಒಂದು ಪೇಪರ್ ಮೇಲ್ ಮಾಡಿದ್ದೇನೆ. ಬರಬೇಕಾದ್ದೆಲ್ಲ ಬಂದಿದೆ ಅಂತ ಕೆಲಸದವರು ಸೈನ್ ಹಾಕಿದ್ರೆ ಲೈಸೆನ್ಸ್ ಕ್ಲೋಸ್ ಮಾಡಿ ಡಿಪಾಸಿಟ್ ಬಿಡಿಸ್ಬಹುದು. ಬಾಪನ ಹಾರ್ಟ್ ಆಪರೇಷನ್ ಒಂದು ಆಗ್ಲಿ. ಅವರ ದುಡ್ಡು ನಾನು ಮತ್ತೆ ಕೊಡ್ತೇನೆ, ಪ್ರಾಮಿಸ್. ನೀವು ಹೇಳಿದ್ರೆ ಅವರು ಇಲ್ಲ ಅನ್ನೂದಿಲ್ಲ."

ಅದು ನಿಜವೆಂದು ರೊಸಲಿನ್‌ಗೂ ಗೊತ್ತಿತ್ತು. ಭಾನುವಾರ ಚರ್ಚಿನ ಪೂಜೆ ಮುಗಿಸಿ, ಆ ಕಾಗದದ ಹದಿನೇಳು ಪ್ರತಿ ಹಿಡಿದು ಮುಸಫ್ಫಾದ ಕೆಲಸಗಾರರ ಕ್ಯಾಂಪಿಗೆ ಹೋದಳು. ಬಾಗಲಕೋಟೆ ಕಡೆಯ ಪರಸಪ್ಪ, ಟೈಲ್ಸ್ ಕೂರಿಸುವವನು, ಅವಳಿಗೆ ಕುರ್ಚಿ ಒರೆಸಿ ಕೊಟ್ಟು ಪೆನ್ನು ತೆಗೆದುಕೊಂಡ.

"ಎಲ್ಲಿ ಸಹಿ ಮಾಡಬೇಕ್ರೀ ಅಕ್ಕಾರ?"

"ಓದದೇ ಹಾಕ್ತೀರಾ?"

"ನೀವು ತಂದದ್ದಲ್ರೀ? ಅದರಾಗ ಓದೂದೇನೈತಿ?"

ರೊಸಲಿನ್‌ಗೆ ಅಲಿಕುಂಞಿಯವರ ಮುಖ ಕಣ್ಣಮುಂದೆ ಬಂತು. ಆದರೂ ಕಾಗದಗಳನ್ನು ಮಡಚಿ ಬ್ಯಾಗಿಗೆ ತುರುಕಿದಳು.

"ಇದು ಬೇಡ. ಎಲ್ಲರೂ ಐಡಿ ಕಾರ್ಡ್ ತನ್ನಿ."

ಅಲ್ಲೇ ಕೂತು ಒಬ್ಬೊಬ್ಬರ ದೂರನ್ನೂ ಮೊಬೈಲಿನಲ್ಲಿ ತುಂಬಿದಳು. ಅವಳಿಗೂ ಪಗಾರ ಬಾಕಿಯಿತ್ತು. ತನ್ನ ಹೆಸರಲ್ಲಿ ಮಾತ್ರ ದೂರು ಕೊಡಲಿಲ್ಲ. ಆಮೇಲೆ ಹೊರಗೆ ಬಂದು ಜಸೀಲಳಿಗೆ ಫೋನ್ ಮಾಡಿ, ಮಾಡಿದ್ದನ್ನು ಹೇಳಿದಳು. ಆ ಕಡೆಯಿಂದ ಫೋನ್ ಕಟ್ ಆಯಿತು.

ಎರಡು ತಿಂಗಳಿಗೆ ಆದೇಶವಾಯಿತು. ಬಾಕಿ ಕೈಗೆ ಬಂದು, ಟಿಕೆಟ್ಟೂ ಸಿಕ್ಕಿ, ಹದಿನೇಳು ಮಂದಿ ಊರು ಸೇರಿದರು. ಆ ವಾರವೇ ಅಲಿಕುಂಞಿಯವರ ಫೋನ್ ಬಂತು. ಒಂದೊಂದು ಮಾತಿಗೂ ಉಸಿರು ಕಟ್ಟುತ್ತಿತ್ತು.

"ಪರಸಪ್ಪ ಊರು ಮುಟ್ಟಿದನಾ?"

"ಮುಟ್ಟಿದ ಕಾಕ. ಎಲ್ಲರೂ ಮುಟ್ಟಿದ್ರು."

"ಒಳ್ಳೇದಾಯ್ತು. ನಿಮ್ಮ ಪಗಾರ ಬಂತಾ ಬಾಯಮ್ಮ?"

"ಬಂತು ಕಾಕ," ಎಂದು ಸುಳ್ಳು ಹೇಳಿದಳು.

ಒಂಬತ್ತು ದಿನಕ್ಕೆ ಅವರು ತೀರಿಕೊಂಡರು. ಆಪರೇಷನ್ ಆಗಿರಲಿಲ್ಲ. ಆಗಿದ್ದರೂ ಬದುಕುವುದು ಅರ್ಧಕ್ಕರ್ಧ ಎಂದು ಡಾಕ್ಟರು ಹೇಳಿದ್ದರಂತೆ. ಆ ಮಾತು ರೊಸಲಿನ್‌ಗೆ ಸಮಾಧಾನ ತರಲಿಲ್ಲ.

ವೀಸಾ ರದ್ದಾಗಿ ಅವಳೂ ಊರಿಗೆ ಬಂದಳು. ಮೊದಲ ವಾರವೇ ಬಸ್ಸು ಹಿಡಿದು ಉಪ್ಪಳಕ್ಕೆ ಹೋದಳು. ಜಸೀಲ ಚಹಾ ತಂದಿಟ್ಟು ಎದುರಿಗೆ ಕೂತಳು.

"ಬಾಪನ ಹತ್ರ ಬೇರೆ ಎಂತದೂ ಇಲ್ಲ ಅಂತ ನಿಮಗೆ ಗೊತ್ತಿತ್ತಲ್ಲ ಆಂಟಿ?"

"ಗೊತ್ತಿತ್ತು ಮಗಾ."

ಇಬ್ಬರೂ ಅತ್ತರು, ಒಬ್ಬರನ್ನೊಬ್ಬರು ನೋಡದೆ. ಚಹಾ ತಣ್ಣಗಾಯಿತು. ರೊಸಲಿನ್ ಎದ್ದಾಗ ಜಸೀಲ ಕೂರಿ ಎನ್ನಲಿಲ್ಲ. ಆದರೂ ಗೇಟಿನವರೆಗೆ ಜೊತೆಗೆ ಬಂದಳು.