ಗಂಡನ ಬ್ರೇಕಿಗೆ ನನ್ನ ಕಾಲು

ಕಳೆದ ಭಾನುವಾರ ಬೆಳಿಗ್ಗೆಯಿಡೀ ನಾನು ಸ್ಪೋರ್ಟ್ಸ್ ಕಾರಿನ ಡ್ರೈವರ್ ಸೀಟಿನಲ್ಲಿ ಕೂತಿದ್ದೆ. ಕಡುಕೆಂಪು ಬಣ್ಣ. ಉದ್ದನೆಯ ಮೂತಿ. ತಲೆಯ ಮೇಲೆ ಸೂರಿಲ್ಲ. ಕೈಯಲ್ಲಿ ಮರದ ಸ್ಟೀರಿಂಗ್. ಆದರೂ ನನ್ನ ಒಂದು ಕೂದಲೂ ಗಾಳಿಗೆ ಹಾರಲಿಲ್ಲ.

ಯಾಕೆಂದರೆ ಕಾರಿಗೆ ನಾಲ್ಕೂ ಚಕ್ರ ಇರಲಿಲ್ಲ.

ಹೊಸ ಓದುಗರಿಗಾಗಿ ಹೇಳಿಬಿಡುತ್ತೇನೆ (ಹಳಬರು ಈ ಗೋಳನ್ನು ಸಾಕಷ್ಟು ಕೇಳಿದ್ದೀರಿ, ಒಂದು ಪ್ಯಾರಾ ಹಾರಿಸಿಕೊಳ್ಳಿ). ನನ್ನ ಗಂಡ ಮಹಾಂತೇಶ್ ಹುಬ್ಬಳ್ಳಿಯವರು, ಬ್ಯಾಂಕ್ ಆಫೀಸರ್. ನಾನು ಮೈಸೂರಿನವಳು, ಕೊಚ್ಚಿಯ ಒಂದು ಸ್ಕೂಲಿನಲ್ಲಿ ಗಣಿತ ಟೀಚರ್. ಏಲೂರಿನ ಕಾರ್ಖಾನೆಗಳ ಸೈರನ್ ಕೇಳುವಷ್ಟು ದೂರದಲ್ಲಿ ನಮ್ಮ ಫ್ಲಾಟ್. ಅದರ ಪಾರ್ಕಿಂಗ್ ಮೂಲೆಯಲ್ಲಿ ಮಹಾಂತೇಶ್ ಒಂದು ಕಾರು ಕಟ್ಟುತ್ತಿದ್ದಾರೆ. ಯಾವುದೋ ಹಳೇ ಕಾಲದ ಇಂಗ್ಲಿಷ್ ರೇಸ್ ಕಾರಿನ ನಕಲು. ಪೈಪು ಬೆಸೆದು ಮಾಡಿದ ಚಾಸಿ, ಫೈಬರ್ ಮೈ, ಗುಜರಿಗೆ ಹೋಗಬೇಕಿದ್ದ ಸಣ್ಣ ಕಾರಿನ ಎಂಜಿನ್. ಇದಕ್ಕೆ ನಂಬರ್ ಪ್ಲೇಟ್ ಇಲ್ಲ, ರಸ್ತೆಗೆ ಇಳಿಯುವ ಹಾಗೂ ಇಲ್ಲ. ಲಾರಿಯ ಮೇಲೆ ಹೇರಿ ಗೆಳೆಯನೊಬ್ಬನ ಖಾಸಗಿ ಜಾಗಕ್ಕೆ ಒಯ್ದು ಅಲ್ಲಿ ಓಡಿಸುವುದು ಅವರ ಕನಸು. ಸದ್ಯಕ್ಕೆ ಅದು ಪಾರ್ಕಿಂಗ್ ಮೂಲೆಯಿಂದ ಗೇಟಿನವರೆಗೆ ಹೋಗಿ, ಗೇಟಿನಿಂದ ಮೂಲೆಗೆ ವಾಪಸ್ ಬಂದಿದೆ.

ಅಂಥ ಕಾರಿಗೆ ಬ್ರೇಕ್ ಅಪ್‌ಗ್ರೇಡ್ ಬೇಕೇ?

ನಾನೂ ಹೀಗೇ ಕೇಳಿದ್ದೆ. ಆದರೆ ಓಣಂ ಮುಗಿದ ಮೇಲೊಂದು ದಿನ ಅದು ಬೇಸ್‌ಮೆಂಟಿನ ಇಳಿಜಾರಿನಲ್ಲಿ ಹೊರಟಿತು. ಮಹಾಂತೇಶ್ ಬ್ರೇಕ್ ಒತ್ತಿದರು. ಕಾರು ಹೊರಟೇ ಇತ್ತು. ಇನ್ನೂ ಜೋರಾಗಿ ಒತ್ತಿದರು. ಕೊನೆಗೆ ಅದನ್ನು ನಿಲ್ಲಿಸಿದ್ದು ನಮ್ಮ ಅಸೋಸಿಯೇಷನ್ ಸೆಕ್ರೆಟರಿ ಜೋಸ್ ಚೇಟ್ಟನ್ (ಚೇಟ್ಟನ್ ಅಂದರೆ ಅಣ್ಣ) ಅವರ ಬೆಂಡೆಗಿಡಗಳು. ಮಣ್ಣು ತುಂಬಿದ ಗ್ರೋ ಬ್ಯಾಗಿನಲ್ಲಿ ಮಕ್ಕಳಂತೆ ಸಾಕಿದ್ದ ಗಿಡಗಳು. ಪಾಪ, ಜೋಸ್ ಚೇಟ್ಟನ್ ಕೂಗಾಡಲಿಲ್ಲ. ಅದೇ ಭಯ ಹುಟ್ಟಿಸುವ ವಿಷಯ. ಮರುದಿನ ನಗುನಗುತ್ತಲೇ ಹೇಳಿದರು: ಮುಂದಿನ ತಿಂಗಳ ಮೊದಲ ಸೋಮವಾರದಿಂದ ಪಾರ್ಕಿಂಗಿಗೆ ಟೈಲ್ಸ್ ಕೆಲಸ ಶುರು, ಹಿಂದಿನ ದಿನ ಭಾನುವಾರ ಸಂಜೆಯೊಳಗೆ ಕಾರು ಬೇಸ್‌ಮೆಂಟಿಗೆ ಇಳಿಯಬೇಕು. ಬ್ರೇಕ್ ಸಮೇತ. ಇಲ್ಲದಿದ್ದರೆ ಕಾಂಪೌಂಡಿನ ಹೊರಗೆ.

ಹಾಗೆ ಶುರುವಾಯಿತು ಅಪ್‌ಗ್ರೇಡ್. ಹಳೇ ಡ್ರಮ್ ಬ್ರೇಕುಗಳು ಹೋದವು, ನಾಲ್ಕೂ ಕಡೆ ಡಿಸ್ಕ್ ಬಂದವು. ಡಿಸ್ಕ್ ಅಮುಕಿ ಹಿಡಿಯುವ ಪ್ಯಾಡ್ ಯಾವುದು ಹಾಕಬೇಕು ಎಂದು ಮಹಾಂತೇಶ್ ತಮ್ಮ ಕಾರುಹುಚ್ಚರ ವಾಟ್ಸಾಪ್ ಗುಂಪಿನಲ್ಲಿ ಕೇಳಿದರು. ಕೊಯಮತ್ತೂರಿನವರೊಬ್ಬರು ಒಂದು ಹೇಳಿದರು, ಪುಣೆಯವರೊಬ್ಬರು ಇನ್ನೊಂದು ಹೇಳಿದರು. ಮುಖ ನೋಡದವರ ಸಲಹೆಯನ್ನೆಲ್ಲ ಕೇಳಿ, ತೂಗಿ, ಮತ್ತೆ ಕೇಳಿ, ವಾರಗಟ್ಟಲೆ ಚರ್ಚೆ ಮಾಡಿ ತೀರ್ಮಾನಕ್ಕೆ ಬಂದರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ಒಂದು ಸಣ್ಣ ಪಾಠ. ಬ್ರೇಕ್ ಬದಲಿಸಿದಾಗ ಅದರ ಎಣ್ಣೆಯ ಕೊಳವೆಯೊಳಗೆ ಗಾಳಿ ಸೇರಿಕೊಳ್ಳುತ್ತದೆ. ಗಾಳಿ ಇದ್ದರೆ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹತ್ತಿರ ಮಲಗಿ ಸಣ್ಣ ತಿರುಪು ಸಡಿಲಿಸಬೇಕು. ಎಣ್ಣೆ, ಗುಳ್ಳೆ ಎರಡೂ ಟ್ಯೂಬಿನಲ್ಲಿ ಬಾಟಲಿಗೆ ಬರುತ್ತವೆ. ತಿರುಪು ಬಿಗಿಯಾದ ಮೇಲೆಯೇ ಪೆಡಲ್ ಬಿಡಬೇಕು. ಅದಕ್ಕೆ ಮೊದಲೇ ಕಾಲು ತೆಗೆದಿರೋ, ಗಾಳಿ ಮತ್ತೆ ಒಳಗೆ. ಮಾಡಿದ್ದೆಲ್ಲ ನೀರಲ್ಲಿ ಹೋಮ.

ಮಹಾಂತೇಶ್ ಮೊದಲು ಮಗಳು ತನ್ವಿಯನ್ನು ಕರೆದರು. "ಎನಿಕ್ಕ್ ವಯ್ಯ ಅಪ್ಪಾ" ಅಂದಳು ಅವಳು ದಿಂಬಿನೊಳಗಿಂದ. ನನ್ನ ಕೈಲಾಗದು ಅಂತ. (ಕನ್ನಡದಲ್ಲಿ ಕೇಳಿಸಿಕೊಳ್ಳುತ್ತಾಳೆ, ಮಲಯಾಳಂನಲ್ಲಿ ನಿರಾಕರಿಸುತ್ತಾಳೆ.) ಉಳಿದವಳು ನಾನು. ನೈಟಿ ಬದಲಿಸಿ ಚೂಡಿದಾರ್ ಹಾಕಿಕೊಂಡು ಕೆಳಗಿಳಿದೆ.

"ಒತ್ತು!" ಅಂತ ಕೂಗು ಬಂತು, ಹಿಂಬದಿಯ ಚಕ್ರದ ಕಡೆಯಿಂದ.

"ಒತ್ತಿದೆ."

"ಹಿಡಿ... ಹಿಡಿ... ಹಾಂ, ಬಿಡು!"

"ಬಿಟ್ಟೆ."

ಹೀಗೇ ನಡೆಯಿತು. ನಿಜ ಹೇಳಲಾ? ನನಗೆ ಮಜಾ ಬಂತು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ನಾನು "ಒತ್ತಿದೆ" ಅನ್ನುವ ತನಕ ಅವರು ತಿರುಪು ಮುಟ್ಟುವ ಹಾಗಿಲ್ಲ. ನನ್ನ ಉತ್ತರಕ್ಕಾಗಿ ಈ ಮನುಷ್ಯ ಕಾಯುತ್ತಿದ್ದಾರೆ! ನಮ್ಮ ಸಂಸಾರದಲ್ಲಿ ಇದು ಅಪರೂಪದ ದೃಶ್ಯ. ಸಾಮಾನ್ಯವಾಗಿ ಅವರು ಪ್ರಶ್ನೆ ಕೇಳುವುದು ಬಾತ್‌ರೂಮಿನ ಬಾಗಿಲು ಹಾಕಿಕೊಳ್ಳುತ್ತಾ.

ಹಿಂದಿನ ಎರಡು ಚಕ್ರ ಮುಗಿಯಿತು. ಮುಂದಿನ ಎಡಚಕ್ರಕ್ಕೆ ಬಂದರು. ಗುಳ್ಳೆಗಳು ಕಡಿಮೆಯಾಗುತ್ತಿದ್ದವು. ಖುಷಿಯಾದರೆ ಮಹಾಂತೇಶ್ ಮಾತಿಗೆ ಬೀಳುತ್ತಾರೆ. ಅಂದೂ ಬಿದ್ದರು.

"ಒತ್ತು!"

"ಒತ್ತಿದೆ."

"ಹಿಡಿ... ಏನ್ ಗೊತ್ತೇನ, ಹಿಂಗ ನೆಲದ ಮ್ಯಾಲ ಉಳ್ಳಾಡೂದು ಇದ ಕಡೀದು. ಶ್ರೀಕಾರ್ಯಂ ಮನ್ಯಾಗ ಶೆಡ್ ಐತಿ. ಒಳಗ ಪಿಟ್ ಬ್ಯಾರೆ ತೋಡ್ಸ್ಯಾರ, ಕಾರಿನ ಕೆಳಗ ನಿಂತ ಕೆಲಸ ಮಾಡಬಹುದು..."

ಶ್ರೀಕಾರ್ಯಂ?

ಶ್ರೀಕಾರ್ಯಂ ಇರುವುದು ತಿರುವನಂತಪುರದಲ್ಲಿ. ನಾವಿರುವುದು ಕೊಚ್ಚಿಯಲ್ಲಿ. ನಡುವೆ ಅರ್ಧ ಕೇರಳ ಇದೆ. ಯೋಚನೆ ತಲೆಗೆ ಹೋಗುವ ಮೊದಲೇ ನನ್ನ ಕಾಲು ಮೇಲೆದ್ದಿತ್ತು. ಕೆಳಗಿಂದ ಗುಳುಗುಳು ಸದ್ದು ಬಂತು.

"ಏ ಏ ಏ! ಕಾಲ್ ಯಾಕ ತಗದಿ? ಗಾಳಿ ಹೊಕ್ಕತಲ್ಲ!"

"ರೀ, ಯಾವ ಶೆಡ್ಡು?"

ಕಾರಿನ ಕೆಳಗೆ ಸ್ಪ್ಯಾನರ್ ಟಣ್ ಎಂದು ನೆಲಕ್ಕೆ ಬಿತ್ತು.

"ಒತ್ತು" ಅಂದರು ಆಮೇಲೆ, ಸಣ್ಣ ದನಿಯಲ್ಲಿ.

ನಾನು ಎರಡೂ ಕಾಲು ಮೇಲೆತ್ತಿ ಪಕ್ಕದ ಸೀಟಿನ ಮೇಲಿಟ್ಟೆ. "ಇಲ್ಲ. ಈಗ ನಾನು ಕೇಳ್ತೀನಿ, ನೀವು ಹೇಳಿ. ಟ್ರಾನ್ಸ್‌ಫರ್ ಆಗಿದ್ಯಾ?"

"ಆಗಿಲ್ಲ. ಕೇಳೀನಿ."

"ನೀವಾಗೇ?"

"ಹೂಂ. ಆರ್ಡರ್ ಇನ್ನಾ ಬಂದಿಲ್ಲ. ಈ ವಾರ ಬರಬಹುದು. ಹೇಳೂಣು ಅಂತಿದ್ದೆ, ಬ್ರೇಕ್ ಮುಗೀಲಿ ಅಂತ..."

"ಮನೆ ನೋಡಿ ಬಂದಿದ್ದು ಯಾವಾಗ?"

"ಮೀಟಿಂಗಿಗೆ ಹೋಗಿದ್ದೆನಲ್ಲ, ಆವಾಗ."

"ಎಷ್ಟು ಬೆಡ್‌ರೂಮ್?"

"ಎರಡೋ ಮೂರೋ ಇರಬೇಕು."

"ಅಡುಗೆಮನೆ ಹೇಗಿದೆ?"

"ಐತಿ ಅಂದ್ರು."

"ಅಂದ್ರು ಅಂದ್ರೆ? ನೀವು ನೋಡ್ಲಿಲ್ವಾ?"

"ಬಸ್ಸಿಗೆ ಟೈಮ್ ಆಗಿತ್ತ."

"ಪಿಟ್ ಎಷ್ಟು ಆಳ?"

"ಆರ್ ಅಡಿ ಐತಿ! ಮೆಟ್ಟಲಾ ಅದಾವ, ಲೈಟ್ ಅದಾವ, ಗ್ವಾಡಿಗೆ ಸ್ಪ್ಯಾನರ್ ತೂಗಹಾಕಾಕ ಹಲಿಗಿ ಸೈತ ಹೊಡದಾರ..." ಎಂದು ಉತ್ಸಾಹದಿಂದ ಶುರು ಮಾಡಿದವರು ತಟ್ಟನೆ ನಿಲ್ಲಿಸಿದರು.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ಅದರ ಹಿಂದೆಯೇ ಅಳುವೂ ಬಂತು, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ಟೆಂಪರರಿ ಟೀಚರಾಗಿ, ಪ್ರತಿ ಮಾರ್ಚ್‌ನಲ್ಲಿ ಮುಂದಿನ ಜೂನ್‌ಗೆ ಕರೆಯುತ್ತಾರೋ ಇಲ್ಲವೋ ಎಂದು ಎದೆ ಹಿಡಿದುಕೊಂಡು ಕೂತವಳು ನಾನು. ಈ ಜೂನ್‌ನಲ್ಲಷ್ಟೇ ಕಾಯಂ ಆದೆ. ಸ್ಟಾಫ್‌ರೂಮಿನಲ್ಲಿ ನನ್ನದೇ ಒಂದು ಬೀರು ಕೊಟ್ಟಿದ್ದಾರೆ. ಅದಕ್ಕೆ ಬೀಗ ಕೊಂಡು ತಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದೆ, ಈ ಮಹಾಶಯರೇ ಎರಡು ಲೋಟ ಕುಡಿದಿದ್ದರು.

"ನನ್ನ ಕೆಲಸ?" ಅಂದೆ.

"ತಿರುವನಂತಪುರದಾಗ ಸಾಲಿ ಇಲ್ಲೇನ? ನಿನಗೆಲ್ಲೆರ ಸಿಗ್ತೈತಿ."

ಓದುಗರೇ, ಆಗ ನನ್ನ ಕಾಲು ಪೆಡಲ್ ಹತ್ತಿರ ಇರಲಿಲ್ಲ. ಅವರ ಬೆನ್ನು ನನ್ನ ಕಾಲಿನ ಹತ್ತಿರವೂ ಇರಲಿಲ್ಲ. ಎರಡೂ ಒಳ್ಳೆಯದೇ ಆಯಿತು.

"ನೋಡಿ," ಅಂದೆ. "ಪ್ಯಾಡ್ ಯಾವುದು ಹಾಕೋದು ಅಂತ ಪುಣೆಯವರನ್ನ ಕೇಳಿದ್ರಿ, ಕೊಯಮತ್ತೂರಿನವರನ್ನ ಕೇಳಿದ್ರಿ. ಊರು ಬಿಡೋದಾ ಬೇಡ್ವಾ ಅಂತ ಒಂದೇ ಒಂದು ಸಲ ನನ್ನ ಕೇಳೋಕೆ ನಿಮಗೆ ಆಗ್ಲಿಲ್ವಾ? ಆ ಗುಂಪಲ್ಲಿ ನನ್ನನ್ನೂ ಸೇರಿಸಿಬಿಡಿ ಹಾಗಾದ್ರೆ. ಅಲ್ಲಾದ್ರೂ ಕೇಳ್ತೀರೇನೋ."

ಇಷ್ಟರಲ್ಲಿ ಜೋಸ್ ಚೇಟ್ಟನ್ ಬಂದರು. ಮುಂಡು ಮಡಚಿ ಕಟ್ಟಿದ್ದರು, ಕೈಯಲ್ಲಿ ಹೊಸ ಬೆಂಡೆ ಸಸಿಗಳಿದ್ದವು. ನೆಲದಲ್ಲಿ ಮಲಗಿದ ಗಂಡ, ಸೀಟಿನ ಮೇಲೆ ಕಾಲು ಚಾಚಿ ಕೈಕಟ್ಟಿ ಕೂತ ಹೆಂಡತಿ. ಎರಡನ್ನೂ ನೋಡಿದರು.

"ಸಾರೇ, ಕಳಿಞ್ಞೋ?" ಅಂದರು. ಮುಗಿಯಿತೇ ಅಂತ.

ನಾನೇ ಹೇಳಿದೆ, "ಇಲ್ಲ ಚೇಟ್ಟಾ, ಸಾರ್ ಆಲೋಚಿಕ್ಕುವಾಣ್." ಸಾರ್ ಯೋಚನೆ ಮಾಡುತ್ತಿದ್ದಾರೆ.

"ವೈಗುನ್ನೇರಂ ವರೆ ಸಮಯಂ ಉಂಡು, ಟೀಚರೇ" ಅಂದರು ಅವರು. ಸಂಜೆಯ ತನಕ ಟೈಮ್ ಇದೆಯಂತೆ. ಹೇಳಿ, ಹೋಗದೆ ಅಲ್ಲೇ ಸಸಿಗೆ ಮಣ್ಣು ತುಂಬುತ್ತಾ ಕೂತರು. ಕನ್ನಡ ಬಾರದಿದ್ದರೂ ಅವರಿಗೆ ಒಂದಕ್ಷರವೂ ತಪ್ಪಿಹೋದಂತೆ ಕಾಣಲಿಲ್ಲ.

ಮಹಾಂತೇಶ್ ತೆವಳುತ್ತಾ ಹೊರಬಂದರು. ಮುಖಕ್ಕೆಲ್ಲ ಎಣ್ಣೆ. ಪಕ್ಕದಲ್ಲಿ ನಿಂತು ಸ್ಪ್ಯಾನರ್ ಒರೆಸುತ್ತಾ ಹೇಳಿದರು, "ತಪ್ಪಾತು. ನಿನ್ನ ಕೇಳಿದ್ರ ಬ್ಯಾಡ ಅಂತಿ ಅಂತ ಗೊತ್ತಿತ್ತ. ಅದಕ್ಕ ಕೇಳಲಿಲ್ಲ. ನನಗ ಒಂದು ಜಾಗಾ ಬೇಕಿತ್ತ, ಅಷ್ಟ. ಇಲ್ಲೆ ಯಾವಾಗ ನೋಡಿದ್ರೂ ಯಾರದರೆ ಕಾಲಾಗ ಮಲಗಿರ್ತೀನಿ."

ಅಯ್ಯೋ ಪಾಪ ಅನ್ನಿಸಿದ್ದು ನಿಜ. ಆದರೆ ಅದಕ್ಕೆ ಮುಂಚಿನ ಮಾತು ಗಮನಿಸಿದಿರಾ? ಬೇಡ ಅನ್ನುತ್ತಾಳೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ! ನಮ್ಮ ಮನೆಗಳಲ್ಲಿ ಹೆಂಗಸರನ್ನು ಏನೇನೋ ಕೇಳುತ್ತಾರೆ. ರಾತ್ರಿಗೆ ಚಪಾತಿಯೋ ಅನ್ನವೋ, ಪರದೆ ನೀಲಿಯೋ ಹಸಿರೋ, ನೆಂಟರ ಮದುವೆಗೆ ಏನು ಉಡುಗೊರೆ. ಬೇಡ ಎಂಬ ಉತ್ತರ ಬಂದರೂ ನಷ್ಟವಿಲ್ಲದ ಪ್ರಶ್ನೆಗಳೆಲ್ಲ ನಮ್ಮ ಪಾಲು. ಬೇಡ ಎಂದರೆ ನಿಂತುಹೋಗುವಂಥ ವಿಷಯವಿದ್ದರೆ ಮಾತ್ರ "ಸರ್‌ಪ್ರೈಸ್" ಕೊಡುತ್ತಾರೆ.

"ಈಗ ಏನ್ ಮಾಡ್ಲಿ?" ಅಂದರು.

"ಬೇಡ ಅಂತ ಬರೀರಿ ಆಫೀಸಿಗೆ."

"ಬರೀತೀನಿ. ಮೊದಲ ಬ್ರೇಕ್ ಮುಗಸೂಣು."

"ಮೊದಲು ಬರೀರಿ. ಆಮೇಲೆ ಬ್ರೇಕ್."

ಅವರು ಬೇಸ್‌ಮೆಂಟಿನ ಇಳಿಜಾರನ್ನು ನೋಡಿದರು. ಜೋಸ್ ಚೇಟ್ಟನ್ ಅವರನ್ನು ನೋಡಿದರು. ನನ್ನ ಕಾಲನ್ನು ನೋಡಿದರು. ಆಮೇಲೆ ಕೈ ಒರೆಸಿಕೊಂಡು ಮೊಬೈಲ್ ತೆಗೆದರು. ನಾನು ಸೀಟಿನಿಂದಲೇ ಓದಿದೆ, ಕಾಗುಣಿತ ತಿದ್ದಿದೆ (ಟೀಚರ್ ಅಲ್ಲವೇ), ಕಳುಹಿಸಿದ್ದನ್ನು ಕಣ್ಣಾರೆ ಕಂಡೆ. ಆಮೇಲೆ ಕಾಲು ಕೆಳಗಿಳಿಸಿದೆ.

"ಒತ್ತು" ಅಂದರು. "ದಯವಿಟ್ಟ."

ಮಧ್ಯಾಹ್ನದ ಹೊತ್ತಿಗೆ ಪೆಡಲ್ ಕಲ್ಲಿನಷ್ಟು ಗಟ್ಟಿಯಾಗಿತ್ತು. ಚಕ್ರ ಹಾಕಿ ಕಾರನ್ನು ಇಳಿಜಾರಿಗೆ ತಂದೆವು. ಡ್ರೈವರ್ ಸೀಟನ್ನು ನಾನು ಬಿಟ್ಟುಕೊಡಲಿಲ್ಲ. ಮಹಾಂತೇಶ್ ಪಕ್ಕದಲ್ಲಿ ಕೂತರು. ಜೋಸ್ ಚೇಟ್ಟನ್ ಹೊಸ ಗ್ರೋ ಬ್ಯಾಗುಗಳ ಮುಂದೆ ಎರಡೂ ಕೈ ಚಾಚಿ ನಿಂತರು. ಕಾರು ಜಾರಿತು, ನಾನು ಒತ್ತಿದೆ, ಅದು ಎಷ್ಟು ಗಕ್ಕನೆ ನಿಂತಿತೆಂದರೆ ಮಹಾಂತೇಶರ ಕನ್ನಡಕ ಹಾರಿ ಬಾನೆಟ್ ಮೇಲೆ ಬಿತ್ತು. ಕಣ್ಣು ಕಾಣದಿದ್ದರೂ ಅವರು ಹಲ್ಲು ಬಿಟ್ಟು ನಗುತ್ತಿದ್ದರು. ನನಗೂ ನಗು ಬಂತು. ಏನೇ ಹೇಳಿ, ಚೆನ್ನಾಗಿ ಕಟ್ಟಿದ್ದಾರೆ ಪುಣ್ಯಾತ್ಮ.

ಬುಧವಾರ ಆಫೀಸಿನಿಂದ ಉತ್ತರ ಬಂತು. ತಿರುವನಂತಪುರದ ಆ ಸೀಟು ಇನ್ನೊಬ್ಬ ಆಫೀಸರಿಗೆ ಹೋಯಿತು. ಅವರ ಹೆಂಡತಿ ಅಲ್ಲೇ ಹತ್ತಿರದ ಕಳಕ್ಕೂಟಂನ ಐಟಿ ಪಾರ್ಕಿನಲ್ಲಿದ್ದಾರೆ, ವಾರಕ್ಕೊಮ್ಮೆ ರೈಲು ಹತ್ತಿ ಮನುಷ್ಯ ಸೊರಗಿಹೋಗಿದ್ದರಂತೆ. ನಾವು ಕೊಚ್ಚಿಯಲ್ಲೇ ಉಳಿದೆವು. ನನ್ನ ಬೀರು, ನನ್ನ ಬೀಗ, ನನ್ನ ಒಂಬತ್ತನೇ ಕ್ಲಾಸು ಎಲ್ಲ ಹಾಗೇ ಇವೆ. ಶೆಡ್ಡಿಗಾಗಿ ಇಲ್ಲೇ ಏಲೂರಿನ ಕಡೆ ಹುಡುಕೋಣ ಎಂದು ನಾನೇ ಹೇಳಿದ್ದೇನೆ. ಜೊತೆಗೆ ಹೋಗಿ ನೋಡುತ್ತೇವೆ.

ಎಲ್ಲ ಸುಖಾಂತ್ಯ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ, ಶುಕ್ರವಾರ ಪಾರ್ಸೆಲ್ ಬರುವ ತನಕ. ಮಹಾಂತೇಶ್ ಬ್ಯಾಂಕಿನಲ್ಲಿದ್ದರು. ಡಬ್ಬಿ ಬಿಚ್ಚಿದೆ. ಒಂದು ಪಂಪು, ಎರಡು ಟ್ಯೂಬು, ಒಂದು ಬಾಟಲಿ. ಬ್ರೇಕಿನ ಗಾಳಿ ಒಬ್ಬರೇ ತೆಗೆಯುವ ಕಿಟ್ ಅಂತೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಸಹಾಯಕರ ಅಗತ್ಯವಿಲ್ಲ. ಆರ್ಡರ್ ಮಾಡಿದ್ದು ಯಾವಾಗ ಎಂದು ನೋಡಿದೆ. ಅದೇ ಭಾನುವಾರ, ಕಾರು ಬೇಸ್‌ಮೆಂಟಿಗೆ ಇಳಿದ ಮೇಲೆ!

ಆ ಆನ್‌ಲೈನ್ ಅಂಗಡಿಯಲ್ಲಿ ಮನೆಮಂದಿಗೆಲ್ಲ ಒಂದೇ ಅಕೌಂಟು, ನನ್ನ ಮೊಬೈಲಿನಲ್ಲೂ ಇದೆ. ತಕ್ಷಣ ವಾಪಸ್ ಕಳಿಸಲು ಕೂತೆ. ಕಾರಣ ಆರಿಸಿ ಅಂತ ಕೇಳಿತು. ಮೇಲಿನಿಂದ ಕೆಳಗಿನವರೆಗೆ ಓದಿದೆ. ಒಡೆದಿದೆ, ಸೈಜ್ ಸರಿಯಿಲ್ಲ, ತಡವಾಗಿ ಬಂತು, ಬೇರೆ ಐಟಂ ಬಂತು... ಎಲ್ಲ ಇದೆ.

ನಮ್ಮ ದೇಶದಲ್ಲಿ ವ್ಯಾಪಾರ ಮಾಡುವ ಕಂಪನಿ, "ಮನೆಯಲ್ಲಿ ಒಂದು ಮಾತು ಕೇಳದೆ ತರಿಸಿದ್ದು" ಎಂಬ ಕಾರಣವನ್ನೇ ಇಟ್ಟಿಲ್ಲವೆಂದರೆ ಏನು ಹೇಳೋಣ?