ಹುಳುಮನೆಯಲ್ಲಿ ನಿಂತ ಚರ್ಚು

ಆಗೆಲ್ಲ ಶಿಡ್ಲಘಟ್ಟದ ಕಡೆ ಯಾರ ಮನೆಗೆ ಹೋದರೂ ಮೊದಲು ಮೂಗಿಗೆ ಬಡಿಯುತ್ತಿದ್ದುದು ಹಿಪ್ಪುನೇರಳೆ ಸೊಪ್ಪಿನ ವಾಸನೆ. ನಮ್ಮ ರೇಷ್ಮೆ ಹುಳುಮನೆಯಂತೂ ವಾಸದ ಮನೆಗಿಂತ ದೊಡ್ಡದು. ಅದರೊಳಗೆ ಚಪ್ಪಲಿ ಇಲ್ಲ, ಊದುಬತ್ತಿ ಇಲ್ಲ, ಒಗ್ಗರಣೆಯ ಘಾಟೂ ಸುಳಿಯಬಾರದು. ಹುಳು ಸತ್ತೇ ಹೋಗುತ್ತವೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಪೇಟೆಯ ಹಳೇ ಚರ್ಚು, ವೈರು ಸುಟ್ಟು ಹೊತ್ತಿಕೊಂಡಿತು. ಗೋಡೆ ಬಿಟ್ಟು ಏನೂ ಉಳಿಯಲಿಲ್ಲ. ಬೋರಿನಲ್ಲಿ ನೀರಿಲ್ಲದೆ ಸೊಪ್ಪು ಒಣಗಿ ನಮ್ಮ ಹುಳುಮನೆ ಖಾಲಿ ಬಿದ್ದಿತ್ತು.

"ಅವ್ರ ಸಾಮಿ ಬೀದೀಲಿ ನಿಲ್ಲೋದಾ? ನಮ್ಮಲ್ಲಿಗೇ ಬರ್ಲಿ" ಎಂದಳು ಅಜ್ಜಿ.

ಅಲ್ಲಿಂದಾಚೆ ಅವರ ಪ್ರಾರ್ಥನೆ ಹುಳುಮನೆಯಲ್ಲೇ. ಭಾನುವಾರವೆಂದರೆ ನಮಗೆ ಧೂಪ, ಹಾಡು, ಕೊನೆಗೊಂದು ಬನ್ನು.

ಚರ್ಚು ಮತ್ತೆ ಎದ್ದು ನಿಂತಿತು. ಶಿಲುಬೆ ಹೊತ್ತು, ಹಾಡುತ್ತಾ ಎಲ್ಲರೂ ಹೋದರು. ಅಷ್ಟರಲ್ಲಿ ಮಳೆಯಾಗಿ ಸೊಪ್ಪೂ ಬಂದಿತ್ತು. ಸಾದಲಿಯಿಂದ ಮರಿಹುಳು ಬರುವುದಿತ್ತು. ಧೂಪ ಹತ್ತಿದ ಗೋಡೆ ತೊಳೆಯದೆ ಹುಳು ಬದುಕುವುದಿಲ್ಲ. ಅಪ್ಪ ಬ್ಲೀಚಿಂಗ್ ಪೌಡರ್ ಕಲಸಿ ತಂದರೆ ಅಜ್ಜಿ ಬಾಗಿಲಿಗೆ ಅಡ್ಡ ಕೂತಳು.

"ಸಾಮಿ ಕೂತಿದ್ದ ಜಾಗಕ್ಕೆ ಬ್ಲೀಚಿಂಗ್ ಹೊಡೀತೀಯೇನೋ?"

ಅಪ್ಪ ನನ್ನ ಕಡೆ ತಿರುಗಿದರು. "ಡಿಬೇಟಲ್ಲಿ ಕಪ್ ತರ್ತೀಯಲ್ಲ, ನೀನೇ ಹೇಳಮ್ಮ. ಸೊಪ್ಪು ಬಲ್ತೋಗ್ತಾ ಇದೆ."

ಆಗಲೇ ನಾನು ದೇವರಿಲ್ಲ ಎನ್ನುವ ಪಾರ್ಟಿ. ಆದರೆ ಗೆಲ್ಲಬೇಕಿತ್ತು. "ಅಜ್ಜಿ, ದೇವ್ರು ಅವ್ರ ಜೊತೇನೇ ಹೋದ."

"ಹೋಗಿದ್ದು ನೋಡ್ದ್ಯಾ, ಲಾಯರಮ್ಮ?"

"ಬಂದಿದ್ದು ನೀನು ನೋಡ್ದ್ಯಾ?"

"ನೋಡ್ದೆ ಕಣೇ. ಅಷ್ಟು ಜನ ಅಳ್ತಾ ಬಂದೋರು, ಇಲ್ಲಿ ಕೂತು ಸುಮ್ನಾದ್ರಲ್ಲ. ಸಮಾಧಾನ ಮಾಡಿದ್ದು ಯಾರು, ನಿಮ್ಮಪ್ಪನಾ?"

ಅಪ್ಪ ಪಾದ್ರಿಯನ್ನೇ ಕರೆತಂದರು.

"ಅದು ಬರೀ ಕೋಣೆ ಕಣಮ್ಮ, ಧಾರಾಳವಾಗಿ ತೊಳೀರಿ" ಎಂದು ಅವರು ನಕ್ಕರು.

ಅಜ್ಜಿಯ ಮುಖ ಸಣ್ಣಗಾಯಿತು. "ಹಂಗಾದ್ರೆ ನಮ್ಮನೇಗೆ ನಿಮ್ ಸಾಮಿ ಬರ್ಲೇ ಇಲ್ವಾ?"

ಪಾದ್ರಿಯ ನಗು ನಿಂತಿತು. ಬಂದಿದ್ದ ಎಂದರೆ ಅಜ್ಜಿ ಏಳುವುದಿಲ್ಲ. ಬರಲಿಲ್ಲ ಎಂದರೆ ಅಷ್ಟು ಭಾನುವಾರ ಪ್ರಾರ್ಥನೆ ಮಾಡಿದ್ದು ಯಾರಿಗೆ? ಅವರು ಬಿಳಿ ನಿಲುವಂಗಿ ಎತ್ತಿ ಕಟ್ಟಿ, ಅಜ್ಜಿಯ ಪಕ್ಕದಿಂದಲೇ ಒಳಗೆ ನುಗ್ಗಿ, ಬರೀ ನೀರಿನಲ್ಲಿ ಮೆಲ್ಲಗೆ ಗೋಡೆ ತೊಳೆಯತೊಡಗಿದರು. ಸ್ವಲ್ಪ ಹೊತ್ತು ನೋಡಿ ಅಜ್ಜಿ ಎದ್ದಳು.

"ಮೂಲೆ ಬಿಟ್ರಿ ನೋಡಿ" ಎಂದು ತಾನೂ ಸೆರಗು ಸಿಕ್ಕಿಸಿದಳು.

ಇಬ್ಬರೂ ಹೊರಗೆ ಬಂದ ಮೇಲೆಯೇ ಅಪ್ಪ ಬ್ಲೀಚಿಂಗ್ ಹೊಡೆದದ್ದು. ಬೆಳೆ ಚೆನ್ನಾಗೇ ಬಂತು.

ನಂಬದ ನಾನು ದೇವರು ಇದ್ದ, ಹೋದ ಎಂದೆ. ನಂಬಿದ ಪಾದ್ರಿ ಅದು ಬರೀ ಕೋಣೆ ಎಂದರು. ಹಟ ಹಿಡಿದ ಅಜ್ಜಿಗೆ ಅದು ತನ್ನ ದೇವರೇ ಅಲ್ಲ. ಯಾರ ವಾದ ಸರಿ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಇನ್ನೊಂದು ಸುತ್ತು ಜಗಳ ಆಡೋಣವೆಂದರೆ ಹುಳುಮನೆ ಕೆಡವಿ ಸೈಟು ಮಾಡಿದ್ದೇವೆ. ಅಜ್ಜಿಯೂ ಇಲ್ಲ.